ಬಗೆಬಗೆಯ ಜನರ ತಂಡ: ಸೇರಿಸಿಕೊಳ್ಳುವುದು, ಬೆಳೆಸುವುದು, ಉಳಿಸಿಕೊಳ್ಳುವುದು

ನಮ್ಮ ಸಂಸ್ಥೆಯಲ್ಲಿ ವೈವಿಧ್ಯ ಬೇಕು ಎಂದು ತೀರ್ಮಾನಿಸಿದವರು ಹೆಚ್ಚಾಗಿ ಮೊದಲು ಕೈಹಾಕುವುದು ಜಾಹೀರಾತಿಗೆ. ಇನ್ನೂ ನಾಲ್ಕು ಕಡೆ ಜಾಹೀರಾತು ಕೊಡುತ್ತಾರೆ, ನೇಮಕಾತಿ ವಿಭಾಗಕ್ಕೆ ಒಂದು ಟಾರ್ಗೆಟ್ ಹಾಕುತ್ತಾರೆ, ಎಲ್ಲರನ್ನೂ ಅರ್ಧ ದಿನದ ತರಬೇತಿಗೆ ಕೂರಿಸುತ್ತಾರೆ. ಎರಡು ವರ್ಷ ಬಿಟ್ಟು ಲೆಕ್ಕ ತೆಗೆದರೆ ಸಂಖ್ಯೆ ಇದ್ದಲ್ಲೇ ಇರುತ್ತದೆ. ಅರ್ಜಿ ಹಾಕುವವರೇ ಇಲ್ಲ ಎಂದುಕೊಂಡಿರುತ್ತೇವೆ. ಆದರೆ ಅವರು ಅರ್ಜಿ ಹಾಕಿ ಶಾರ್ಟ್‌ಲಿಸ್ಟ್‌ನಲ್ಲಿ ಬಿದ್ದುಹೋಗಿರುತ್ತಾರೆ, ಇಲ್ಲವೇ ಸೇರಿ, ಮೊದಲ ಬಡ್ತಿ ಸಿಗದೆ ಬಿಟ್ಟುಹೋಗಿರುತ್ತಾರೆ. ತೂತು ಎಲ್ಲಿದೆ ಎಂದು ನೋಡದೆ ಕೊಡಕ್ಕೆ ನೀರು ಹೊಯ್ಯುತ್ತಿದ್ದರೆ ಕೊಡ ತುಂಬುವುದಿಲ್ಲ. ಆದ್ದರಿಂದ ಇಲ್ಲಿ ಹೇಳುವ ಎಲ್ಲ ಹೆಜ್ಜೆಗಳಿಗಿಂತ ಮೊದಲಿನದು ಎಣಿಕೆ.

ವೈವಿಧ್ಯ ಎಂದರೆ ಹೆಣ್ಣು ಗಂಡಿನ ಲೆಕ್ಕ ಮಾತ್ರವಲ್ಲ. ಉದ್ಯೋಗದಲ್ಲಿನ ತಾರತಮ್ಯದ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1958ರಲ್ಲಿ ಅಂಗೀಕರಿಸಿದ 111ನೇ ಒಡಂಬಡಿಕೆಯೇ ಜನಾಂಗ, ಬಣ್ಣ, ಲಿಂಗ, ಧರ್ಮ, ರಾಜಕೀಯ ಅಭಿಪ್ರಾಯ, ರಾಷ್ಟ್ರೀಯ ಮೂಲ, ಸಾಮಾಜಿಕ ಮೂಲ ಎಂದು ಏಳನ್ನು ಹೆಸರಿಸಿದೆ. ವಯಸ್ಸು, ಅಂಗವೈಕಲ್ಯ, ಲೈಂಗಿಕತೆ, ಮಾತೃಭಾಷೆ, ಕುಟುಂಬದಲ್ಲೇ ಮೊದಲ ಸಲ ಓದಿದ ತಲೆಮಾರು, ಇವನ್ನೂ ಸೇರಿಸಿಕೊಳ್ಳಿ. ಎಲ್ಲವನ್ನೂ ಒಂದೇ ವರ್ಷ ಕೈಗೆತ್ತಿಕೊಳ್ಳಬೇಡಿ. ಎಣಿಕೆಯಲ್ಲಿ ಅಂತರ ಎದ್ದು ಕಾಣುವ ಎರಡನ್ನು ಆರಿಸಿಕೊಳ್ಳಿ.

ಎಣಿಕೆ: ಸೋರುವ ಜಾಗ ಹುಡುಕುವುದು

ಕಳೆದ 12 ತಿಂಗಳ ಮಾಹಿತಿ ತೆಗೆದು ಹಂತಹಂತವಾಗಿ ಒಂದು ಪಟ್ಟಿ ಮಾಡಿ: ಅರ್ಜಿ ಹಾಕಿದವರು, ಶಾರ್ಟ್‌ಲಿಸ್ಟ್ ಆದವರು, ಸಂದರ್ಶನಕ್ಕೆ ಬಂದವರು, ಆಫರ್ ಸಿಕ್ಕವರು, ಸೇರಿದವರು, ಒಂದು ವರ್ಷ ಉಳಿದವರು, ಮೊದಲ ಬಡ್ತಿ ಪಡೆದವರು, ಬಿಟ್ಟವರು. ಪ್ರತಿ ಹಂತದಲ್ಲೂ ಪ್ರತಿ ಗುಂಪಿನಿಂದ ಎಷ್ಟು ಜನ ದಾಟಿದರು ಎಂದು ಶೇಕಡಾವಾರು ಬರೆಯಿರಿ.

ಒಂದು ಲೆಕ್ಕ ಮಾಡಿ ನೋಡೋಣ. 120 ಪುರುಷರು, 80 ಮಹಿಳೆಯರು ಅರ್ಜಿ ಹಾಕಿದ್ದಾರೆ. ಶಾರ್ಟ್‌ಲಿಸ್ಟ್ ಆದವರು 48 ಪುರುಷರು, 20 ಮಹಿಳೆಯರು. ಅಂದರೆ ಶೇ 40 ಮತ್ತು ಶೇ 25. ಸಂದರ್ಶನದಲ್ಲಿ ಆಯ್ಕೆಯಾದವರು 12 ಪುರುಷರು, 5 ಮಹಿಳೆಯರು. ಎರಡೂ ಕಡೆ ಶೇ 25. ಕೊನೆಯ ಅಂಕಿ ಮಾತ್ರ ನೋಡಿದವರು "ಸಂದರ್ಶಕರಿಗೆ ತರಬೇತಿ ಬೇಕು" ಎನ್ನುತ್ತಾರೆ. ಆದರೆ ಸಂದರ್ಶನದಲ್ಲಿ ವ್ಯತ್ಯಾಸವೇ ಇಲ್ಲ, ಸೋರಿದ್ದು ಅರ್ಜಿ ಸೋಸುವಾಗ. 25ನ್ನು 40ರಿಂದ ಭಾಗಿಸಿದರೆ 0.625. ಅಮೆರಿಕದಲ್ಲಿ 1978ರಲ್ಲಿ ಬಂದ ಐದರಲ್ಲಿ ನಾಲ್ಕು ಪಾಲಿನ ನಿಯಮದ ಪ್ರಕಾರ ಈ ಅನುಪಾತ 0.8ಕ್ಕಿಂತ ಕೆಳಗಿದ್ದರೆ ಆ ಹಂತವನ್ನು ತನಿಖೆ ಮಾಡಬೇಕು. ಆ ಕಾನೂನು ನಿಮಗೆ ಅನ್ವಯಿಸದಿದ್ದರೂ ಎಚ್ಚರಿಕೆಯ ಗಂಟೆಯಾಗಿ ಈ ಅಳತೆಗೋಲು ಚೆನ್ನಾಗಿ ಕೆಲಸ ಮಾಡುತ್ತದೆ.

ಇಲ್ಲಿ ತಪ್ಪುವುದು ಎರಡು ಕಡೆ. ಒಂದು, ಸಣ್ಣ ಸಂಖ್ಯೆಯ ಮೇಲೆ ದೊಡ್ಡ ತೀರ್ಮಾನ. ಎಂಟು ಅರ್ಜಿಗಳಿದ್ದಾಗ ಒಬ್ಬರು ಆಚೀಚೆಯಾದರೂ ಶೇಕಡಾವಾರು ಜಿಗಿದುಬಿಡುತ್ತದೆ. ಅಂಥಲ್ಲಿ ಎರಡು ಮೂರು ವರ್ಷದ್ದನ್ನು ಒಟ್ಟು ಸೇರಿಸಿ ನೋಡಿ. ಇನ್ನೊಂದು ಗೋಪ್ಯತೆ. ಜಾತಿ, ಧರ್ಮ, ಅಂಗವೈಕಲ್ಯದಂಥ ಮಾಹಿತಿಯನ್ನು ಅಭ್ಯರ್ಥಿಯೇ ಇಷ್ಟಪಟ್ಟು ಕೊಡಬೇಕು, ಅರ್ಜಿಯಿಂದ ಬೇರೆಯಾದ ನಮೂನೆಯಲ್ಲಿ ಕೊಡಬೇಕು, "ಹೇಳಲು ಇಷ್ಟವಿಲ್ಲ" ಎಂಬ ಆಯ್ಕೆಯೂ ಇರಬೇಕು. ಆಯ್ಕೆ ಮಾಡುವವರ ಕಣ್ಣಿಗೆ ಆ ನಮೂನೆ ಬೀಳಬಾರದು. ವರದಿಯಲ್ಲಿ ಐದಕ್ಕಿಂತ ಕಡಿಮೆ ಜನರಿರುವ ಗುಂಪಿನ ಅಂಕಿ ತೋರಿಸಬೇಡಿ, ಯಾರೆಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಯಾವ ಮಾಹಿತಿ ಕೇಳಬಹುದು, ಯಾವುದನ್ನು ಕೇಳಲೇಬಾರದು ಎನ್ನುವುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ನಮೂನೆ ಅಚ್ಚಾಗುವ ಮೊದಲು ವಕೀಲರಿಗೆ ಒಮ್ಮೆ ತೋರಿಸಿ.

ಹುದ್ದೆಯ ವಿವರ ಬರೆಯುವುದು

ಹಳೆಯ ಜಾಹೀರಾತನ್ನು ತೆರೆದು ದಿನಾಂಕ ಬದಲಿಸಿ ಹಾಕುವುದು ಎಲ್ಲ ಕಡೆ ಇರುವ ಅಭ್ಯಾಸ. ಅದರಲ್ಲಿರುವ ಹದಿನೈದು ಅರ್ಹತೆಗಳಲ್ಲಿ ಅರ್ಧದಷ್ಟು ಯಾವತ್ತೋ ಯಾರೋ ಸೇರಿಸಿದ್ದು. ಪ್ರತಿಯೊಂದರ ಎದುರೂ ಒಂದೇ ಪ್ರಶ್ನೆ ಕೇಳಿ: ಇದಿಲ್ಲದಿದ್ದರೆ ಮೊದಲ ಮೂರು ತಿಂಗಳ ಕೆಲಸ ನಿಂತುಹೋಗುತ್ತದೆಯೇ? ಹೌದು ಎಂದಾದರೆ "ಇರಲೇಬೇಕು" ಪಟ್ಟಿಗೆ, ಇಲ್ಲವೆಂದರೆ "ಸೇರಿದ ಮೇಲೆ ಕಲಿಯಬಹುದು" ಪಟ್ಟಿಗೆ. ಮೊದಲ ಪಟ್ಟಿಯಲ್ಲಿ ಐದಾರಕ್ಕಿಂತ ಹೆಚ್ಚು ಉಳಿದರೆ ಮತ್ತೆ ಸೋಸಿ.

"ಚಾಲನಾ ಪರವಾನಗಿ ಕಡ್ಡಾಯ" ಎಂಬ ಸಾಲನ್ನೇ ನೋಡಿ. ನಿಜವಾದ ಕೆಲಸ ವಾರಕ್ಕೆ ಎರಡು ಬಾರಿ ಮೂರು ಜಾಗಗಳ ನಡುವೆ ಓಡಾಡುವುದಾಗಿದ್ದರೆ ಹಾಗೆಂದೇ ಬರೆಯಿರಿ. ಬಸ್ಸಿನಲ್ಲಿ ಹೋಗುವವರು, ದೃಷ್ಟಿ ಇಲ್ಲದವರು, ಕಾರು ಕೊಳ್ಳುವ ಅನುಕೂಲವಿಲ್ಲದವರು ಆ ಒಂದು ಸಾಲಿಗೆ ಹಿಂದೆ ಸರಿದಿರುತ್ತಾರೆ. "ಯುವ ತಂಡ" ಎಂದರೆ 45 ದಾಟಿದವರು ಅರ್ಜಿ ಹಾಕುವುದಿಲ್ಲ. ಪೈಪೋಟಿ, ಪ್ರಾಬಲ್ಯ, ಛಲದ ಮಾತುಗಳೇ ತುಂಬಿದ ಜಾಹೀರಾತು ಓದಿದ ಮಹಿಳೆಯರಿಗೆ ಆ ಕೆಲಸದ ಮೇಲೆ ಆಸಕ್ತಿ ಕಡಿಮೆಯಾಗುತ್ತದೆ ಎಂದು 2011ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿತು. ಕಾರಣವನ್ನೂ ಅದು ಹುಡುಕಿತು: "ನನ್ನ ಕೈಲಿ ಆಗದು" ಎಂಬ ಹಿಂಜರಿಕೆ ಅವರಿಗಿರಲಿಲ್ಲ, "ಇದು ನನ್ನಂಥವರ ಜಾಗವಲ್ಲ" ಎನಿಸಿತ್ತು.

ಸಂಬಳದ ಕನಿಷ್ಠ ಗರಿಷ್ಠ ಮಿತಿ, ಶಿಫ್ಟ್ ಸಮಯ, ಮನೆಯಿಂದ ಕೆಲಸ ಮಾಡಬಹುದೇ ಇಲ್ಲವೇ, ಇವನ್ನು ಜಾಹೀರಾತಿನಲ್ಲೇ ಹೇಳಿ. ಕೊನೆಗೆ ಒಂದು ಸಾಲು ಸೇರಿಸಿ: "ಸಂದರ್ಶನಕ್ಕೆ ಸಂಜ್ಞಾ ಭಾಷೆಯ ದುಭಾಷಿ, ಹೆಚ್ಚುವರಿ ಸಮಯ, ಮೆಟ್ಟಿಲಿಲ್ಲದ ಕೋಣೆ ಅಥವಾ ಬೇರೆ ಅನುಕೂಲ ಬೇಕಿದ್ದರೆ ಮೊದಲೇ ತಿಳಿಸಿ, ವ್ಯವಸ್ಥೆ ಮಾಡುತ್ತೇವೆ." ತಿಳಿಸಬೇಕಾದ ಫೋನ್ ನಂಬರನ್ನೂ ಇಮೇಲನ್ನೂ ಕೊಡಿ, ಕಿವಿ ಕೇಳದವರಿಗೆ ಫೋನ್ ನಂಬರ್ ಒಂದೇ ಸಾಲದು.

ಆನ್‌ಲೈನ್ ಅರ್ಜಿಯನ್ನು ಒಮ್ಮೆ ಮೌಸ್ ಮುಟ್ಟದೆ ಬರೀ ಕೀಬೋರ್ಡ್‌ನಿಂದ ತುಂಬಿ ನೋಡಿ. ಅರ್ಧದಲ್ಲಿ ಸಿಕ್ಕಿಹಾಕಿಕೊಂಡರೆ ಸ್ಕ್ರೀನ್ ರೀಡರ್ (ಪರದೆಯ ಮೇಲಿನದನ್ನು ಓದಿ ಹೇಳುವ ಸಾಫ್ಟ್‌ವೇರ್) ಬಳಸುವ ಅಭ್ಯರ್ಥಿಯೂ ಅಲ್ಲೇ ನಿಂತಿರುತ್ತಾರೆ. ಅಕ್ಷರದ ಬಣ್ಣ, ಹಿನ್ನೆಲೆಯ ಬಣ್ಣಗಳ ನಡುವಿನ ಕಾಂಟ್ರಾಸ್ಟ್ (ತಿಳಿ, ಗಾಢದ ವ್ಯತ್ಯಾಸ) ಕನಿಷ್ಠ 4.5ಕ್ಕೆ 1 ಇರಲಿ. ಸ್ಕ್ಯಾನ್ ಮಾಡಿ ಹಾಕಿದ ನಮೂನೆಯನ್ನು ಸ್ಕ್ರೀನ್ ರೀಡರ್ ಓದಲಾರದು.

ಅಭ್ಯರ್ಥಿಗಳನ್ನು ಹುಡುಕುವುದು

ನೌಕರರ ಶಿಫಾರಸಿನಿಂದ ಬರುವವರು ಶಿಫಾರಸು ಮಾಡಿದವರನ್ನೇ ಹೋಲುತ್ತಾರೆ. ಜನ ತಮ್ಮ ಕಾಲೇಜಿನವರನ್ನು, ತಮ್ಮ ಬೀದಿಯವರನ್ನು, ತಮ್ಮ ಭಾಷೆಯವರನ್ನು ಕರೆತರುವುದು ಸಹಜ. ಶಿಫಾರಸು ನಿಲ್ಲಿಸಬೇಕಿಲ್ಲ, ಆದರೆ ಆ ಅರ್ಜಿಗಳೂ ಉಳಿದವರ ಸಾಲಿನಲ್ಲೇ ನಿಲ್ಲಬೇಕು, ನೇರವಾಗಿ ಸಂದರ್ಶನಕ್ಕೆ ಹಾರಬಾರದು. ಜೊತೆಗೆ ಅಂಗವಿಕಲರ ಸಂಘಟನೆಗಳು, ಕೆಲಸ ಬಿಟ್ಟು ಮತ್ತೆ ಮರಳುವವರ ತರಬೇತಿ ಕೇಂದ್ರಗಳು, ವೃತ್ತಿಪರ ಕೋರ್ಸ್‌ಗಳ ಕಾಲೇಜುಗಳು, ಇಂಥ ಮೂರು ನಾಲ್ಕು ಕಡೆ ವರ್ಷವಿಡೀ ಸಂಪರ್ಕ ಇಟ್ಟುಕೊಳ್ಳಿ. ಹುದ್ದೆ ಖಾಲಿಯಾದಾಗ ಮಾತ್ರ ಫೋನ್ ಮಾಡುವವರನ್ನು ಯಾರೂ ನಂಬುವುದಿಲ್ಲ.

ಅರ್ಜಿ ಸೋಸುವುದು

2004ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪ್ರಯೋಗದಲ್ಲಿ ಸಂಶೋಧಕರು ಬಾಸ್ಟನ್, ಷಿಕಾಗೊಗಳ ಕಂಪನಿಗಳಿಗೆ ಸುಮಾರು 5,000 ಕಾಲ್ಪನಿಕ ರೆಸ್ಯೂಮೆ ಕಳಿಸಿದರು. ಅರ್ಹತೆಗಳು ಸರಿಸಮ, ಹೆಸರುಗಳು ಮಾತ್ರ ಬೇರೆ. ಬಿಳಿಯರದೆಂದು ತೋರುವ ಹೆಸರಿಗೆ ಹತ್ತಕ್ಕೆ ಒಂದು ಕರೆ ಬಂದರೆ ಕಪ್ಪು ಜನರದೆಂದು ತೋರುವ ಹೆಸರಿಗೆ ಹದಿನೈದಕ್ಕೆ ಒಂದು ಬಂತು. ಎಲ್ಲ ಸಮಾಜಗಳಲ್ಲೂ ಹೆಸರು ಏನನ್ನೋ ಬಿಟ್ಟುಕೊಡುತ್ತದೆ. ಹಾಗಾಗಿ ಸೋಸುವವರ ಕೈಗೆ ಕೊಡುವ ಮೊದಲು ಹೆಸರು, ಫೋಟೊ, ಹುಟ್ಟಿದ ದಿನಾಂಕ, ವಿಳಾಸ, ವೈವಾಹಿಕ ಸ್ಥಿತಿ, ಪದವಿ ಮುಗಿಸಿದ ವರ್ಷ ಇವನ್ನು ಮುಚ್ಚಿ. ಇಬ್ಬರು ಬೇರೆ ಬೇರೆಯಾಗಿ ಕುಳಿತು "ಇರಲೇಬೇಕು" ಪಟ್ಟಿಗೆ ಮಾತ್ರ ಅಂಕ ಕೊಡಲಿ, ಆಮೇಲೆ ತಾಳೆ ನೋಡಲಿ.

ಹೆಸರು ಮುಚ್ಚುವುದು ಎಲ್ಲ ರೋಗಕ್ಕೂ ಮದ್ದಲ್ಲ. ಆಸ್ಟ್ರೇಲಿಯಾದ ಸರ್ಕಾರಿ ಸೇವೆಯಲ್ಲಿ 2017ರಲ್ಲಿ ಇದನ್ನು ಪರೀಕ್ಷಿಸಿದಾಗ, ಅಲ್ಲಿನ ಅಧಿಕಾರಿಗಳು ಆಗಲೇ ಮಹಿಳೆಯರ ಕಡೆ, ಅಲ್ಪಸಂಖ್ಯಾತರ ಕಡೆ ತುಸು ಒಲವು ತೋರುತ್ತಿದ್ದದ್ದು ಗೊತ್ತಾಯಿತು. ಹೆಸರು ಮುಚ್ಚಿದರೆ ಆ ಅಭ್ಯರ್ಥಿಗಳಿಗೇ ನಷ್ಟವಾಗುತ್ತಿತ್ತು. ಎಣಿಕೆಗೆ ಮೊದಲ ಸ್ಥಾನ ಕೊಟ್ಟದ್ದು ಇದಕ್ಕೇ.

ಸಾಫ್ಟ್‌ವೇರ್ ಸೋಸಿದರೆ ಪಕ್ಷಪಾತ ಇರುವುದಿಲ್ಲ ಎಂದುಕೊಳ್ಳಬೇಡಿ. ಹತ್ತು ವರ್ಷದ ಹಳೆಯ ರೆಸ್ಯೂಮೆಗಳನ್ನು ಓದಿಸಿ ಕಲಿಸಿದ ಒಂದು ವ್ಯವಸ್ಥೆ ಮಹಿಳೆಯರ ಅರ್ಜಿಗಳಿಗೆ ಅಂಕ ಕಡಿಮೆ ಕೊಡುವುದನ್ನೂ ಕಲಿತಿದ್ದು 2018ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಹಳೆಯ ಆಯ್ಕೆಗಳಲ್ಲಿ ಓರೆ ಇದ್ದರೆ ಯಂತ್ರವೂ ಅದೇ ಓರೆಯನ್ನು ಕಲಿಯುತ್ತದೆ. ಅದು ತಿರಸ್ಕರಿಸಿದ ಅರ್ಜಿಗಳಲ್ಲಿ ತಿಂಗಳಿಗೆ 20ನ್ನಾದರೂ ಚೀಟಿ ಎತ್ತಿ ತೆಗೆದು ಮನುಷ್ಯರೇ ಓದಿ ನೋಡಬೇಕು.

ಸಂದರ್ಶನ

ಒಂದೇ ಒಂದು ಸುಧಾರಣೆಗೆ ಸಮಯವಿದ್ದರೆ ಅದನ್ನು ಇಲ್ಲಿ ಮಾಡಿ. "ನಿಮ್ಮ ಬಗ್ಗೆ ಹೇಳಿ" ಎಂದು ಶುರುವಾಗಿ ಮಾತು ಹೋದಲ್ಲಿಗೆ ಹೋಗುವ ಸಂದರ್ಶನಕ್ಕಿಂತ, ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಒಂದೇ ಕ್ರಮದಲ್ಲಿ ಕೇಳಿ ಒಂದೇ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನ ಮುಂದಿನ ಕೆಲಸವನ್ನು ಹೆಚ್ಚು ಸರಿಯಾಗಿ ಊಹಿಸುತ್ತದೆ. ನೇಮಕಾತಿಯ ಬಗ್ಗೆ ದಶಕಗಳಿಂದ ನಡೆದ ಸಂಶೋಧನೆಗಳಲ್ಲಿ ಇಷ್ಟು ಗಟ್ಟಿಯಾಗಿ ನಿಂತ ಸಂಗತಿಗಳು ಕಡಿಮೆ. ಅಭ್ಯರ್ಥಿಯ ಊರು, ಹವ್ಯಾಸ, ಕಾಲೇಜು ನಮ್ಮದಕ್ಕೆ ಹೊಂದಿದಾಗ ಹುಟ್ಟುವ ಆತ್ಮೀಯತೆಯನ್ನು ನಾವು ಅರ್ಹತೆ ಎಂದು ತಪ್ಪು ತಿಳಿಯುತ್ತೇವೆ. ಸಿದ್ಧ ಪ್ರಶ್ನೆಗಳಿದ್ದರೆ ಅದಕ್ಕೆ ಎಡೆ ಕಡಿಮೆ.

ಐದಾರು ಪ್ರಶ್ನೆ ಸಾಕು. ಪ್ರತಿ ಪ್ರಶ್ನೆಗೂ ಯಾವ ಉತ್ತರಕ್ಕೆ ಎಷ್ಟು ಅಂಕ ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಹೀಗೆ:

ಪ್ರಶ್ನೆ: ಒಪ್ಪಿಕೊಂಡ ಗಡುವಿನೊಳಗೆ ಕೆಲಸ ಮುಗಿಯುವುದಿಲ್ಲ ಎಂದು ಗೊತ್ತಾದ ಒಂದು ಸಂದರ್ಭ ಹೇಳಿ. ಏನು ಮಾಡಿದಿರಿ?
1 ಅಂಕ: ಗಡುವು ಮುಗಿದ ಮೇಲೆ ತಿಳಿಸಿದರು, ಅಥವಾ ತಪ್ಪನ್ನು ಬೇರೆಯವರ ಮೇಲೆ ಹಾಕಿದರು.
3 ಅಂಕ: ಮೊದಲೇ ತಿಳಿಸಿದರು, ಹೆಚ್ಚು ಸಮಯ ಕೇಳಿದರು.
5 ಅಂಕ: ಮೊದಲೇ ತಿಳಿಸಿದರು, ಯಾವ ಭಾಗ ಸಮಯಕ್ಕೆ ಆಗುತ್ತದೆ ಯಾವುದು ಆಗದು ಎಂದು ಬಿಡಿಸಿ ಹೇಳಿದರು, ಮತ್ತೆ ಹಾಗಾಗದಂತೆ ಏನನ್ನಾದರೂ ಬದಲಿಸಿದರು.

ಇದನ್ನು ಎದುರಿಗಿಟ್ಟುಕೊಂಡಾಗ ನಿರರ್ಗಳ ಮಾತಿಗೆ ತಾನಾಗಿಯೇ ಅಂಕ ಸಿಗುವುದಿಲ್ಲ. ತಡವರಿಸುತ್ತಾ, ಎರಡನೇ ಭಾಷೆಯಲ್ಲಿ ಹೇಳಿದವರಿಗೂ 5 ಬರಬಹುದು. ಆಟಿಸಂ ಇರುವವರಿಗೆ, ತುಂಬ ಗಾಬರಿಪಡುವವರಿಗೆ ಪ್ರಶ್ನೆಗಳನ್ನು ಒಂದು ದಿನ ಮುಂಚೆ ಕಳಿಸಿದರೆ ದೊಡ್ಡ ಉಪಕಾರ; ಎಲ್ಲರಿಗೂ ಕಳಿಸಿದರೆ ಯಾರೂ ದೂರುವಂತಿಲ್ಲ.

ಸಂದರ್ಶಕರು ಇಬ್ಬರು ಅಥವಾ ಮೂವರು. ಅಭ್ಯರ್ಥಿ ಹೊರಗೆ ಹೋದ ತಕ್ಷಣ, ಮಾತಾಡುವ ಮೊದಲು, ಎಲ್ಲರೂ ಅಂಕ ಬರೆದು ಮುಗಿಸಬೇಕು. ಚರ್ಚೆಯಲ್ಲಿ ಮೊದಲು ಮಾತಾಡುವವರು ಅತಿ ಕಿರಿಯರಾಗಿರಲಿ, ಮುಖ್ಯಸ್ಥರದು ಕೊನೆಯ ಸರದಿ. ಬಾಸ್ "ಚೆನ್ನಾಗಿದ್ದಾರೆ ಅಲ್ವಾ?" ಎಂದು ಮೊದಲೇ ಅಂದುಬಿಟ್ಟರೆ ಉಳಿದವರ ಪೆನ್ನು ಅತ್ತ ವಾಲುತ್ತದೆ. "ನಮ್ಮ ಕಲ್ಚರ್‌ಗೆ ಹೊಂದುವುದಿಲ್ಲ" ಎಂಬ ಕಾರಣವನ್ನು ಹಾಗೇ ಒಪ್ಪಬೇಡಿ. ಯಾವ ಪ್ರಶ್ನೆಗೆ ಯಾವ ಉತ್ತರ, ಎಷ್ಟು ಅಂಕ ಎಂದು ಕೇಳಿ. ಉತ್ತರ ಇಲ್ಲದಿದ್ದರೆ ಆ ಕಾರಣ ಚರ್ಚೆಗೆ ಬರಬಾರದು.

ಸಾಧ್ಯವಾದಲ್ಲಿ ನಿಜವಾದ ಕೆಲಸದ ಒಂದು ತುಣುಕನ್ನು ಮಾಡಿಸಿ ನೋಡಿ. ಒಂದು ಗಂಟೆಯಲ್ಲಿ ಮುಗಿಯುವಂಥದ್ದಿರಲಿ. ಮನೆಯಲ್ಲಿ ಕೂತು ಎರಡು ದಿನ ಮಾಡಬೇಕಾದ ಕೆಲಸ ಕೊಟ್ಟರೆ ಮಕ್ಕಳನ್ನು, ವಯಸ್ಸಾದವರನ್ನು ನೋಡಿಕೊಳ್ಳುವವರು ಹಿಂದೆ ಸರಿಯುತ್ತಾರೆ. ಅಷ್ಟು ದೊಡ್ಡದು ಬೇಕೇಬೇಕಾದರೆ ಅದಕ್ಕೆ ಹಣ ಕೊಡಿ.

"ಹೀಗೆಲ್ಲ ಮಾಡಿದರೆ ಗುಣಮಟ್ಟ ಇಳಿಯುತ್ತದೆ" ಎಂಬ ಮಾತು ಬಂದೇ ಬರುತ್ತದೆ. ವಾದಕ್ಕಿಳಿಯದೆ ಅಂಕಪಟ್ಟಿ ತೋರಿಸಿ. ಆಯ್ಕೆಗೆ ಲಿಖಿತ ಕಾರಣ ಇರುವುದು ಈ ಪದ್ಧತಿಯಲ್ಲೇ.

ಸಂಬಳ ನಿಗದಿ

ಹಿಂದಿನ ಸಂಬಳ ಕೇಳಬೇಡಿ. ಅದರ ಮೇಲೆ ಇಷ್ಟು ಶೇಕಡಾ ಎಂದು ಕೊಟ್ಟರೆ ಹಿಂದಿನ ಕಡೆ ಆದ ಅನ್ಯಾಯವನ್ನು ನೀವು ಮುಂದುವರಿಸಿದಂತೆ. ಒಬ್ಬರು 100ಕ್ಕೆ, ಇನ್ನೊಬ್ಬರು ಅದೇ ಕೆಲಸಕ್ಕೆ 90ಕ್ಕೆ ಸೇರಿದರು ಎನ್ನಿ. ಇಬ್ಬರಿಗೂ ವರ್ಷಕ್ಕೆ ಶೇ 5 ಇನ್‌ಕ್ರಿಮೆಂಟ್ ಸಿಕ್ಕರೆ ಹತ್ತು ವರ್ಷದ ನಂತರ ಒಬ್ಬರದು ಸುಮಾರು 163, ಇನ್ನೊಬ್ಬರದು 147. ಇನ್‌ಕ್ರಿಮೆಂಟ್‌ನಲ್ಲಿ ಯಾವ ತಾರತಮ್ಯವೂ ಇಲ್ಲದೆ 10ರ ಅಂತರ 16 ಆಗಿದೆ. ಹುದ್ದೆಗೆ, ದರ್ಜೆಗೆ, ಅನುಭವಕ್ಕೆ ತಕ್ಕ ಮಿತಿ ಗೊತ್ತುಮಾಡಿ ಅದರೊಳಗೇ ಆಫರ್ ಕೊಡಿ. ವರ್ಷಕ್ಕೊಮ್ಮೆ, ಇನ್‌ಕ್ರಿಮೆಂಟ್ ಘೋಷಿಸುವ ಮೊದಲು, ಒಂದೇ ದರ್ಜೆಯವರ ಸಂಬಳ ಪಕ್ಕಪಕ್ಕ ಇಟ್ಟು ನೋಡಿ. ವಿವರಿಸಲಾಗದ ಅಂತರ ಕಂಡರೆ ಆ ವರ್ಷದ ಬಜೆಟ್‌ನಲ್ಲೇ ಸರಿಪಡಿಸಿ.

ಮೊದಲ 90 ದಿನ

ದೃಷ್ಟಿ ಇಲ್ಲದ ಹೊಸ ಸಹೋದ್ಯೋಗಿ ಮೊದಲ ದಿನ ಬಂದಾಗ ಲ್ಯಾಪ್‌ಟಾಪ್‌ನಲ್ಲಿ ಸ್ಕ್ರೀನ್ ರೀಡರ್ ಇಲ್ಲ, ಐಟಿ ವಿಭಾಗದ ಒಪ್ಪಿಗೆಗೆ ಮೂರು ವಾರ ಬೇಕು ಎಂದಾದರೆ ಆ ಮೂರು ವಾರ ಅವರು ಸುಮ್ಮನೆ ಕೂತಿರುವುದನ್ನು ತಂಡವೆಲ್ಲ ನೋಡುತ್ತದೆ. ಅವರ ಸಾಮರ್ಥ್ಯದ ಬಗ್ಗೆ ಅಭಿಪ್ರಾಯ ಅಲ್ಲೇ ಗಟ್ಟಿಯಾಗಿಬಿಡುತ್ತದೆ, ತಪ್ಪು ಅವರದಲ್ಲದಿದ್ದರೂ. ಆಫರ್ ಒಪ್ಪಿದ ದಿನವೇ "ಕೆಲಸಕ್ಕೆ ಏನೇನು ಬೇಕು?" ಎಂದು ಪ್ರತಿಯೊಬ್ಬರನ್ನೂ ಕೇಳಿ, ಸೇರುವ ದಿನಕ್ಕೆ ಸಿದ್ಧವಿಡಿ. ಹೆಸರು ಹೇಗೆ ಉಚ್ಚರಿಸಬೇಕು ಎಂದು ಕೇಳಿ ಕಲಿತುಕೊಳ್ಳಿ. ಪಕ್ಕದ ತಂಡದ ಒಬ್ಬರನ್ನು ಜೊತೆಗಾರರಾಗಿ ಗೊತ್ತುಮಾಡಿ. ಮ್ಯಾನೇಜರನ್ನು ಕೇಳಲಾಗದ ಸಣ್ಣ ಪ್ರಶ್ನೆಗಳಿಗೆ ಅವರು ಬೇಕು. ಎರಡನೇ ವಾರದೊಳಗೆ ನಿಜವಾದ ಒಂದು ಕೆಲಸ ಕೈಗೆ ಬರಲಿ. 30, 60, 90ನೇ ದಿನ ಅರ್ಧ ಗಂಟೆ ಕೂತು ಮಾತಾಡಿ.

ಒಂದನ್ನು ಖಂಡಿತ ಮಾಡಬೇಡಿ: ಹೊಸಬರನ್ನು ಅವರ ಸಮುದಾಯದ ಪ್ರತಿನಿಧಿ ಮಾಡಿ ಪ್ರತಿ ಪೋಸ್ಟರ್‌ಗೂ ಪ್ರತಿ ಸಮಿತಿಗೂ ಎಳೆಯುವುದು. ಅವರು ಬಂದಿರುವುದು ತಮ್ಮ ಕೆಲಸ ಮಾಡಲು.

ಬೆಳೆಸುವುದು

ಬಡ್ತಿ ತಪ್ಪುವುದು ಬಡ್ತಿಯ ಸಭೆಯಲ್ಲಲ್ಲ, ಅದಕ್ಕೆ ಎರಡು ವರ್ಷ ಮೊದಲು, ಕೆಲಸ ಹಂಚುವಾಗ. ಪ್ರತಿ ಮ್ಯಾನೇಜರ್ ಕಳೆದ ಆರು ತಿಂಗಳ ಕೆಲಸಗಳನ್ನು ಎರಡು ಕಾಲಂನಲ್ಲಿ ಬರೆಯಲಿ. ಮೇಲಿನವರ ಕಣ್ಣಿಗೆ ಬೀಳುವ ಕೆಲಸಗಳು ಒಂದು ಕಡೆ: ಹೊಸ ಯೋಜನೆ, ದೊಡ್ಡ ಗ್ರಾಹಕರು, ನಿರ್ದೇಶಕರ ಮುಂದೆ ಮಾತಾಡುವ ಅವಕಾಶ. ಇನ್ನೊಂದು ಕಡೆ, ತಂಡ ನಡೆಯಲು ಬೇಕು ಆದರೆ ಯಾರೂ ಲೆಕ್ಕಕ್ಕೆ ಹಿಡಿಯದವು: ಮೀಟಿಂಗ್ ಟಿಪ್ಪಣಿ, ಸಮಾರಂಭದ ಓಡಾಟ, ಹೊಸಬರಿಗೆ ಕಲಿಸುವುದು, ಹಳೆಯ ವ್ಯವಸ್ಥೆಯ ರಿಪೇರಿ. ಪಕ್ಕದಲ್ಲಿ ಹೆಸರು ಬರೆದಾಗ ಒಂದೇ ಹೆಸರು ಎರಡನೇ ಕಾಲಂನಲ್ಲಿ ಮತ್ತೆಮತ್ತೆ ಬಂದರೆ ಅವರ ಬಡ್ತಿ ಎಲ್ಲಿ ಸಿಕ್ಕಿಕೊಂಡಿದೆ ಎಂದು ಗೊತ್ತಾಯಿತು. ಟಿಪ್ಪಣಿ ಬರೆಯುವುದನ್ನು ಸರದಿಯ ಮೇಲೆ ಮಾಡಿ. ಕಲಿಸುವ ಕೆಲಸಕ್ಕೆ ಅಪ್ರೈಸಲ್‌ನಲ್ಲಿ, ಅಂದರೆ ನೌಕರರ ಕೆಲಸದ ಮೌಲ್ಯಮಾಪನದಲ್ಲಿ, ಅಂಕ ಇಡಿ.

ಮೆಂಟರ್ ಸಲಹೆ ಕೊಡುತ್ತಾರೆ. ಅದು ಒಳ್ಳೆಯದೇ, ಆದರೆ ಬಡ್ತಿಗೆ ಬೇಕಾದ್ದು ಬೆಂಬಲಕ್ಕೆ ನಿಲ್ಲುವ ಹಿರಿಯರು: ನೀವಿಲ್ಲದ ಸಭೆಯಲ್ಲಿ "ಈ ಕೆಲಸ ಅವರಿಗೆ ಕೊಡಿ, ನಾನು ಹೊಣೆ" ಎನ್ನುವವರು. ಪ್ರತಿ ಹಿರಿಯ ಮ್ಯಾನೇಜರ್‌ಗೆ ತನ್ನ ಹಿನ್ನೆಲೆಯವರಲ್ಲದ ಇಬ್ಬರ ಹೊಣೆ ಕೊಡಿ, ಆರು ತಿಂಗಳಿಗೊಮ್ಮೆ ಅವರಿಗೆ ಯಾವ ಅವಕಾಶ ಕೊಡಿಸಿದಿರಿ ಎಂದು ಕೇಳಿ. ಅಮೆರಿಕದ ನೂರಾರು ಕಂಪನಿಗಳ ಹಲವು ವರ್ಷಗಳ ದಾಖಲೆ ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಬರೀ ತರಬೇತಿಯಿಂದ ಹೆಚ್ಚೇನೂ ಆಗಿರಲಿಲ್ಲ. ನಿರ್ದಿಷ್ಟ ಜನರಿಗೆ ಹೊಣೆ ಒಪ್ಪಿಸಿದ ಕಡೆ ಮ್ಯಾನೇಜರ್ ಹುದ್ದೆಗಳಲ್ಲಿ ವೈವಿಧ್ಯ ಹೆಚ್ಚಿತ್ತು.

ಬಡ್ತಿಗೆ ಯಾರಾದರೂ ಹೆಸರು ಸೂಚಿಸಬೇಕು ಅಥವಾ ತಾವೇ ಕೇಳಬೇಕು ಎಂಬ ಪದ್ಧತಿ ಇದ್ದರೆ ಬದಲಿಸಿ. ಅರ್ಹತೆಯ ಅವಧಿ ಮುಗಿಸಿದ ಎಲ್ಲರ ಹೆಸರೂ ತಾನಾಗಿಯೇ ಪಟ್ಟಿಗೆ ಬರಲಿ, ಬೇಡದವರು ಬೇಡ ಎನ್ನಲಿ. ಅಪ್ರೈಸಲ್ ವಾಕ್ಯಗಳನ್ನೂ ಓದಿ ನೋಡಿ. "ಸ್ವಲ್ಪ ಗಡಸು ಸ್ವಭಾವ, ಹೊಂದಿಕೊಳ್ಳಬೇಕು" ಎಂದು ಒಬ್ಬರಿಗೆ, "ವರದಿಯ ಅಂಕಿಗಳನ್ನು ಕಳಿಸುವ ಮೊದಲು ತಾಳೆ ನೋಡಬೇಕು" ಎಂದು ಇನ್ನೊಬ್ಬರಿಗೆ ಬರೆದಿದ್ದರೆ, ಎರಡನೆಯವರಿಗೆ ತಿದ್ದಿಕೊಳ್ಳಲು ದಾರಿಯಿದೆ, ಮೊದಲನೆಯವರಿಗೆ ಇಲ್ಲ. ಸ್ವಭಾವದ ಮಾತು ಕಂಡಲ್ಲೆಲ್ಲ ನಡೆದ ಕೆಲಸದ ಉದಾಹರಣೆ ಕೇಳಿ ವಾಪಸ್ ಕಳಿಸಿ.

ಉಳಿಸಿಕೊಳ್ಳುವುದು

ರಾಜೀನಾಮೆ ಕೈಗೆ ಬಂದ ಮೇಲೆ ಕೇಳಿದರೆ ನಿಜ ಹೊರಬರುವುದು ಕಷ್ಟ. ಅನುಭವ ಪತ್ರ ಬೇಕಿರುವವರು "ಒಳ್ಳೆಯ ಅವಕಾಶ ಸಿಕ್ಕಿತು" ಎಂದಷ್ಟೇ ಹೇಳುತ್ತಾರೆ. ಕೆಲಸದಲ್ಲಿರುವಾಗಲೇ, 6ನೇ ಮತ್ತು 18ನೇ ತಿಂಗಳಲ್ಲಿ, ಕೇಳಿ: ಕಳೆದ ತಿಂಗಳು ಬಿಟ್ಟುಬಿಡೋಣ ಅನ್ನಿಸಿದ ದಿನ ಇತ್ತೇ, ಅವತ್ತು ಏನಾಗಿತ್ತು? ನಿಮ್ಮ ಕೈಲಿ ಆಗುವ ಆದರೆ ನಿಮಗೆ ಸಿಗದ ಕೆಲಸ ಯಾವುದು? ನೇರ ಮ್ಯಾನೇಜರ್ ಅಲ್ಲದವರು ಕೇಳಲಿ. ಬಿಟ್ಟುಹೋದವರನ್ನು ಎರಡು ಮೂರು ತಿಂಗಳ ನಂತರ ಮತ್ತೊಮ್ಮೆ ವಿಚಾರಿಸಿ, ಆಗ ಮನಬಿಚ್ಚಿ ಮಾತಾಡುತ್ತಾರೆ.

ಕಿರುಕುಳದ ದೂರಿಗೆ ಕನಿಷ್ಠ ಎರಡು ದಾರಿ ಇರಲಿ, ಒಂದಾದರೂ ಮೇಲಧಿಕಾರಿಗಳ ಸಾಲಿನಿಂದ ಹೊರಗಿರಲಿ. ದೂರು ತಲುಪಿತು ಎಂದು ಮೂರು ದಿನದೊಳಗೆ ಬರವಣಿಗೆಯಲ್ಲಿ ತಿಳಿಸಿ, ವಿಚಾರಣೆ ಮುಗಿಯುವ ದಿನಾಂಕ ಹೇಳಿ. ಬಹಳ ಸಂಸ್ಥೆಗಳು ಮರೆಯುವುದು ಅದರ ಮುಂದಿನದನ್ನು: ದೂರು ಕೊಟ್ಟವರ ಶಿಫ್ಟ್, ಅಪ್ರೈಸಲ್ ಅಂಕ, ಕೆಲಸದ ಹಂಚಿಕೆ ಮೂರು ತಿಂಗಳಿಗೆ, ಆರು ತಿಂಗಳಿಗೆ ಹೇಗಿದೆ ಎಂದು ನೋಡಲೇಬೇಕು. ಸೇಡು ತೀರಿಸಿಕೊಳ್ಳುವುದು ಬಹಿರಂಗವಾಗಿ ನಡೆಯುವುದಿಲ್ಲ, ರಾತ್ರಿ ಶಿಫ್ಟ್‌ಗಳು ಹೆಚ್ಚಾಗುತ್ತವೆ ಅಷ್ಟೆ.

ಕೆಲಸದ ಸಮಯ ಹೊಂದಿಸಿಕೊಳ್ಳುವ ಸೌಲಭ್ಯವನ್ನು ಎಲ್ಲರಿಗೂ, ಕಾರಣ ಕೇಳದೆ ಕೊಡಿ. ತಾಯಂದಿರಿಗೆ ಮಾತ್ರ ಎಂದರೆ ಅದನ್ನು ಬಳಸಿದವರಿಗೆ ಕೆಲಸದ ಮೇಲೆ ಮನಸ್ಸಿಲ್ಲ ಎಂಬ ಹೆಸರು ಅಂಟುತ್ತದೆ. ದೀರ್ಘ ರಜೆಯಿಂದ ಮರಳುವವರೊಡನೆ ಎರಡು ವಾರ ಮುಂಚೆ ಮಾತಾಡಿ, ಹಿಂದಿನ ಮಟ್ಟದ ಕೆಲಸವನ್ನೇ ಕೊಡಿ. "ಪಾಪ, ಸುಸ್ತಾಗುತ್ತೆ" ಎಂದು ಅವರನ್ನು ಕೇಳದೆ ಸುಲಭದ ಕೆಲಸಕ್ಕೆ ಹಾಕಬೇಡಿ. ರಜೆಯ ತಿಂಗಳುಗಳನ್ನು ಬಿಟ್ಟು, ಕೆಲಸ ಮಾಡಿದ ತಿಂಗಳುಗಳ ಮೇಲೆ ಮಾತ್ರ ಅಪ್ರೈಸಲ್ ಮಾಡಿ.

ಯಾವುದು ಯಾವಾಗ

ಮೊದಲ ಎರಡು ತಿಂಗಳು ಎಣಿಕೆಗೆ. ಮೂರನೇ ತಿಂಗಳಿಂದ ಅತಿ ಹೆಚ್ಚು ಸೋರುವ ಒಂದು ಹಂತವನ್ನು ಹಿಡಿದು ಅದಕ್ಕೆ ಬಜೆಟ್ ಹಾಗೂ ನಿರ್ಧಾರದ ಅಧಿಕಾರ ಎರಡೂ ಇರುವ ಒಬ್ಬರನ್ನು ಹೊಣೆ ಮಾಡಿ. ಜನ ಬಿಟ್ಟುಹೋಗುವ ಪ್ರಮಾಣದಲ್ಲಿ ಅಂತರ ದೊಡ್ಡದಿದ್ದರೆ ಹೊಸ ನೇಮಕಾತಿಯ ಉತ್ಸಾಹವನ್ನು ತಡೆದು ಮೊದಲು ಅದನ್ನೇ ಸರಿಮಾಡಿ. ಮೂರು ತಿಂಗಳಿಗೊಮ್ಮೆ ಆಡಳಿತ ಮಂಡಳಿಯ ಮುಂದೆ ಅದೇ ಪಟ್ಟಿ, ಅದೇ ಕಾಲಂಗಳು ಬರಲಿ. ಪ್ರತಿ ಸಲ ಅಳತೆ ಬದಲಿಸಿದರೆ ಏನು ಸುಧಾರಿಸಿತೆಂದು ಗೊತ್ತಾಗುವುದಿಲ್ಲ.

ಹತ್ತು ಹನ್ನೆರಡು ಜನರ ಸಂಸ್ಥೆಯಾದರೆ ಶೇಕಡಾವಾರು ಲೆಕ್ಕಕ್ಕೆ ಅರ್ಥವಿಲ್ಲ. ಅಂಥವರು ನಾಲ್ಕನ್ನು ಮಾಡಿದರೆ ಸಾಕು: ಹುದ್ದೆಯ ವಿವರವನ್ನು ಸೋಸುವುದು, ಸಂದರ್ಶನಕ್ಕೆ ಅಂಕದ ಹಾಳೆ ಇಟ್ಟುಕೊಳ್ಳುವುದು, ಸಂಬಳದ ಮಿತಿ ಬರೆದಿಡುವುದು, ಕೆಲಸ ಹಂಚಿಕೆಯ ಎರಡು ಕಾಲಂ ಪಟ್ಟಿ. ನಾಲ್ಕಕ್ಕೂ ಸೇರಿ ಮೊದಲ ಸಲ ಎರಡು ದಿನ ಹಿಡಿಯಬಹುದು. ಆಮೇಲೆ ಪ್ರತಿ ನೇಮಕಾತಿಗೆ ಒಂದೆರಡು ಗಂಟೆ.